ಮೋಸೆಸ್ ಆಶ್ ಮತ್ತು ಫೋಕ್‌ವೇಸ್: ಒಂದು ಧ್ವನಿಮುದ್ರಣ ಸಂಸ್ಥೆಯ ಜೀವನಕಥನ

ಇಪ್ಪತ್ತನೆಯ ಶತಮಾನದ ಜಾನಪದ ಅಧ್ಯಯನದ ಇತಿಹಾಸವನ್ನು ಬರೆಯುವವರು ಸಂಗ್ರಾಹಕರನ್ನು ಕುರಿತು ಬರೆಯುತ್ತಾರೆ, ಸಿದ್ಧಾಂತಗಳನ್ನು ಕುರಿತು ಬರೆಯುತ್ತಾರೆ. ಸಂಗ್ರಹಗೊಂಡ ಹಾಡು ಯಾರ ಮೂಲಕ, ಯಾವ ಬೆಲೆಗೆ, ಯಾರ ಮನೆಯನ್ನು ತಲುಪಿತೆಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ನ್ಯೂಯಾರ್ಕಿನ ಇಕ್ಕಟ್ಟಾದ ಕಚೇರಿಯೊಂದರಿಂದ 1948ರಿಂದ 1986ರವರೆಗೆ 2,168 ಧ್ವನಿಮುದ್ರಿಕೆಗಳನ್ನು ಹೊರತಂದ ಫೋಕ್‌ವೇಸ್ ಸಂಸ್ಥೆಯ ಮೋಸೆಸ್ ಆಶ್ ಸಂಗ್ರಾಹಕನೂ ಅಲ್ಲ, ವಿದ್ವಾಂಸನೂ ಅಲ್ಲ. ಧ್ವನಿಮುದ್ರಿಕೆಗಳನ್ನು ಮಾಡಿ ಮಾರುತ್ತಿದ್ದವನು. ಆದರೆ ಅವನು ನಡೆಸಿದ್ದು ಕೇವಲ ವ್ಯಾಪಾರವಾಗಿರಲಿಲ್ಲ. ವ್ಯಾಪಾರ ಸಂಸ್ಥೆಯೊಂದು ದಾಖಲೆಗಳ ಭಂಡಾರವಾದ ಬಗೆಯನ್ನೂ, ಅದರ ಖರ್ಚಿನಲ್ಲಿ ಒಂದು ಪಾಲನ್ನು ಹಾಡುಗಾರರೇ ಹೊರಬೇಕಾಗಿ ಬಂದ ಬಗೆಯನ್ನೂ ಅವನ ಬದುಕಿನ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಶ್ ಹುಟ್ಟಿದ್ದು 1905ರ ಡಿಸೆಂಬರ್ 2ರಂದು, ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ವಾರ್ಸಾ ನಗರದಲ್ಲಿ. ತಂದೆ ಶೋಲೆಮ್ ಆಶ್ ಯಿಡ್ಡಿಷ್ ಭಾಷೆಯ ಪ್ರಸಿದ್ಧ ಕಾದಂಬರಿಕಾರ ಮತ್ತು ನಾಟಕಕಾರ. ಅಣ್ಣ ನೇಥನ್ ಕೂಡ ಮುಂದೆ ಕಾದಂಬರಿಕಾರನಾದನು. ಪೋಲೆಂಡಿನಿಂದ ಫ್ರಾನ್ಸಿಗೆ, ಅಲ್ಲಿಂದ ಮೊದಲ ಮಹಾಯುದ್ಧದ ಹೊತ್ತಿಗೆ ನ್ಯೂಯಾರ್ಕಿಗೆ ಕುಟುಂಬ ವಲಸೆ ಹೋಯಿತು. ಅಕ್ಷರವೇ ಉಸಿರಾಗಿದ್ದ ಆ ಮನೆಯಲ್ಲಿ ಮೋಸೆಸ್ ಒಲಿದದ್ದು ತಂತಿ, ಸುರುಳಿ, ರೇಡಿಯೋಗಳಿಗೆ. ವಿದ್ಯುನ್ಮಾನ ವಿಜ್ಞಾನವನ್ನು ಕಲಿಯಲು 1920ರ ದಶಕದಲ್ಲಿ ಜರ್ಮನಿಗೆ ಹೋದನು. ಆ ದಿನಗಳಲ್ಲಿ ಪ್ಯಾರಿಸ್ಸಿನ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಜಾನ್ ಲೋಮ್ಯಾಕ್ಸ್ 1910ರಲ್ಲಿ ಪ್ರಕಟಿಸಿದ್ದ ದನಗಾಹಿಗಳ ಹಾಡುಗಳ ಸಂಗ್ರಹ ಅವನ ಕೈಸೇರಿತು. ಅಮೆರಿಕಕ್ಕೂ ತನ್ನದೇ ಆದ ಜನಪದ ಹಾಡುಗಳಿವೆ ಎಂಬ ಅರಿವು ತನಗೆ ಬಂದದ್ದು ಆ ಪುಸ್ತಕದಿಂದ ಎಂದು ಅವನು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದನು.

ನ್ಯೂಯಾರ್ಕಿಗೆ ಮರಳಿದ ಮೇಲೆ ರೇಡಿಯೋ ದುರಸ್ತಿ, ಧ್ವನಿವರ್ಧಕಗಳ ತಯಾರಿಕೆ ಇವು ಅವನ ಹೊಟ್ಟೆಪಾಡಾದವು. ಯಿಡ್ಡಿಷ್ ದಿನಪತ್ರಿಕೆ ಫಾರ್ವರ್ಡ್‌ನ ಬೆಂಬಲದಿಂದ ನಡೆಯುತ್ತಿದ್ದ ಡಬ್ಲ್ಯು.ಇ.ವಿ.ಡಿ. ಬಾನುಲಿ ಕೇಂದ್ರಕ್ಕೆ ಅವನು ಉಪಕರಣಗಳನ್ನು ಮಾಡಿಕೊಟ್ಟನು. ಆ ಕೇಂದ್ರಕ್ಕೆ ಯಿಡ್ಡಿಷ್ ಹಾಡುಗಳ ತಟ್ಟೆಗಳು ಬೇಕಾಗಿದ್ದವು. ದೊಡ್ಡ ಕಂಪನಿಗಳಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಈ ಕೊರತೆಯೇ ಆಶ್ ಧ್ವನಿಮುದ್ರಣಕ್ಕೆ ಇಳಿಯಲು ಕಾರಣವಾಯಿತು. ಕ್ರಿಸ್ತನನ್ನು ಕುರಿತ ಕಾದಂಬರಿ ಬರೆದನೆಂಬ ಕಾರಣಕ್ಕೆ 1939ರಲ್ಲಿ ತಂದೆಯನ್ನು ದೂರವಿಟ್ಟದ್ದು ಇದೇ ಫಾರ್ವರ್ಡ್ ಪತ್ರಿಕೆ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ.

ಆಶ್ ರೆಕಾರ್ಡ್ಸ್ ಎಂಬ ಆ ಮೊದಲ ಸಂಸ್ಥೆಯ ದಿಕ್ಕನ್ನು ಬದಲಿಸಿದವನು ಹಡ್ಡಿ ಲೆಡ್‌ಬೆಟರ್, ಲೋಕಕ್ಕೆ ಲೆಡ್ ಬೆಲ್ಲಿ ಎಂದು ಪರಿಚಿತನಾದ ಕಪ್ಪು ಗಾಯಕ. ಲೂಯಿಸಿಯಾನಾದ ಸೆರೆಮನೆಯಲ್ಲಿದ್ದಾಗ 1933ರಲ್ಲಿ ಲೋಮ್ಯಾಕ್ಸ್ ಅವನ ಹಾಡುಗಳನ್ನು ಮುದ್ರಿಸಿಕೊಂಡಿದ್ದನು. 1941ರಲ್ಲಿ ಆಶ್ ಅವನಿಂದ ಹಾಡಿಸಿದ್ದು ಮಕ್ಕಳ ಆಟದ ಹಾಡುಗಳನ್ನು. ಕೊಲೆ ಮಾಡಿ ಸೆರೆವಾಸ ಅನುಭವಿಸಿದವನ ಹಾಡು ಮಕ್ಕಳಿಗೆ ಬೇಕೇ ಎಂಬ ಆಕ್ಷೇಪ ಪತ್ರಿಕೆಗಳಲ್ಲಿ ಬಂದಿತು. ಮಾರಾಟ ಹೆಚ್ಚಲಿಲ್ಲ, ಸಂಸ್ಥೆಯ ಹೆಸರು ಮಾತ್ರ ಹರಡಿತು. 1944ರ ವಸಂತದಲ್ಲಿ ವುಡಿ ಗಥ್ರಿ ಬಂದನು. ಸಿಸ್ಕೋ ಹ್ಯೂಸ್ಟನ್ ಜೊತೆಗೂಡಿ ಕೆಲವೇ ದಿನಗಳಲ್ಲಿ ಅವನು ಹಾಡಿದ ಹಾಡುಗಳ ಸಂಖ್ಯೆ ನೂರನ್ನು ಮೀರುತ್ತದೆ. ಕಿರುಕೋಣೆ, ಸರಳ ಉಪಕರಣ. ಹಾಡುಗಾರ ಹಾಡಿದ್ದೇ ಪಾಠ. ತಿದ್ದುವುದು, ಅಲಂಕರಿಸುವುದು ಆಶ್‌ಗೆ ಒಗ್ಗದ ಮಾತು. ಕಂಠದ ಬಿರುಕು, ಉಸಿರಿನ ಸದ್ದು ಇವೂ ದಾಖಲೆಯ ಭಾಗವೆಂದೇ ಅವನು ತಿಳಿದಿದ್ದನು.

ಆ ಕಾಲದ ತಟ್ಟೆಗಳು ಅರಗಿನವು. ಅರಗಿನ ಬಹುಪಾಲು ಹೋಗುತ್ತಿದ್ದುದು ಭಾರತದಿಂದ, ಮುತ್ತುಗದಂಥ ಮರಗಳ ಮೇಲೆ ಹುಳುಗಳು ಕಟ್ಟಿದ ಅಂಟಿನಿಂದ. ಯುದ್ಧದ ನಿಮಿತ್ತ 1942ರಲ್ಲಿ ಅಮೆರಿಕ ಸರ್ಕಾರ ಅದರ ಬಳಕೆಗೆ ಮಿತಿ ಹೇರಿದಾಗ ಸಣ್ಣ ಸಂಸ್ಥೆಗಳ ಉಸಿರು ಕಟ್ಟಿತು. ಅರಗಿನ ಪೂರೈಕೆಯಿದ್ದ ಸ್ಟಿನ್ಸನ್ ಎಂಬ ಸಂಸ್ಥೆಯೊಡನೆ ಆಶ್ ಪಾಲುದಾರಿಕೆ ಮಾಡಿಕೊಂಡದ್ದು ಈ ಕಾರಣಕ್ಕೆ. ಪಾಲುದಾರಿಕೆ ಮುರಿದುಬಿದ್ದ ಮೇಲೆ ಅದೇ ಹಾಡುಗಳನ್ನು ಇಬ್ಬರೂ ಮಾರತೊಡಗಿದರು. ಯಾವುದು ಯಾರದೆಂಬ ಗೊಂದಲ ಬಹುಕಾಲ ಉಳಿಯಿತು.

ಯುದ್ಧಾನಂತರ ಸ್ಥಾಪಿಸಿದ ಡಿಸ್ಕ್ ರೆಕಾರ್ಡ್ಸ್ ಎಂಬ ಎರಡನೆಯ ಸಂಸ್ಥೆಯಲ್ಲಿ ಆಶ್ ಜಾಸ್ ಸಂಗೀತದ ಮೂಲಕ ದೊಡ್ಡ ಮಾರುಕಟ್ಟೆಗೆ ಕೈಹಾಕಿ ಸೋತನು. 1948ರ ಹೊತ್ತಿಗೆ ದಿವಾಳಿ. ಇಲ್ಲಿಂದ ಅವನ ಬದುಕಿನ ನಿಜವಾದ ಅಧ್ಯಾಯ ತೆರೆಯುತ್ತದೆ ಎನ್ನಬಹುದು. ದಿವಾಳಿಯಾದವನು ತನ್ನ ಹೆಸರಿನಲ್ಲಿ ಹೊಸ ಸಂಸ್ಥೆ ನಡೆಸುವುದು ಕಷ್ಟವಾದ್ದರಿಂದ, ಬಹುಕಾಲದ ಸಹಾಯಕಿ ಮರಿಯನ್ ಡಿಸ್ಟ್ಲರ್ ಮುಖ್ಯಸ್ಥೆಯಾಗಿ, ಆಶ್ ಬರಿಯ ಸಲಹೆಗಾರನಾಗಿ, 1948ರ ಮೇ ತಿಂಗಳಲ್ಲಿ ಫೋಕ್‌ವೇಸ್ ಆರಂಭವಾಯಿತು. ಫೋಕ್‌ವೇಸ್ ಎಂದರೆ ಆಶ್ ಎಂದೇ ಬರೆಯುವ ರೂಢಿಯಿದೆ. 1964ರಲ್ಲಿ ತೀರಿಕೊಳ್ಳುವವರೆಗೆ ಲೆಕ್ಕಪತ್ರ, ಪತ್ರವ್ಯವಹಾರಗಳ ಭಾರ ಹೊತ್ತ ಡಿಸ್ಟ್ಲರ್ ಈ ಇತಿಹಾಸದಲ್ಲಿ ಪಡೆದ ಸ್ಥಳ ಅವಳ ದುಡಿಮೆಗೆ ತಕ್ಕುದಲ್ಲ.

ಸೋಲಿನಿಂದ ಆಶ್ ಕಲಿತ ಪಾಠ ವ್ಯಾಪಾರದ ಸಾಮಾನ್ಯ ನೀತಿಗೆ ವಿರುದ್ಧವಾದುದು. ಒಂದು ತಟ್ಟೆಯನ್ನು ಲಕ್ಷ ಜನರಿಗೆ ಮಾರುವುದನ್ನು ಬಿಟ್ಟು, ಸಾವಿರಾರು ತಟ್ಟೆಗಳನ್ನು ಕೆಲವು ನೂರು ಜನರಿಗೆ ಮಾರುವುದು; ಒಮ್ಮೆ ಪಟ್ಟಿಗೆ ಸೇರಿದ್ದನ್ನು ಎಂದೂ ತೆಗೆಯದಿರುವುದು. ಇಂಗ್ಲಿಷಿನಲ್ಲಿ ಕ್ಯೂ ಅಕ್ಷರದ ಬಳಕೆ ಕಡಿಮೆಯೆಂದು ಅದನ್ನು ಯಾರೂ ವರ್ಣಮಾಲೆಯಿಂದ ಕಿತ್ತುಹಾಕುವುದಿಲ್ಲವೆಂಬುದು ಅವನ ವಾದ. ಙ, ಞ ಅಕ್ಷರಗಳನ್ನು ಇಂದಿಗೂ ಮಕ್ಕಳಿಂದ ತಿದ್ದಿಸುವ ನಮಗೆ ಈ ವಾದಕ್ಕೆ ವಿವರಣೆ ಬೇಕಿಲ್ಲ. ಇದನ್ನು ಸಾಧ್ಯವಾಗಿಸಿದ್ದು ಮಿತವ್ಯಯದ ಏರ್ಪಾಡು. ಒಂದು ಸಲಕ್ಕೆ ಅಚ್ಚೊತ್ತುವ ಪ್ರತಿಗಳು ಕೆಲವೇ. ದಪ್ಪ ಕಪ್ಪು ರಟ್ಟಿನ ಲಕೋಟೆ ಎಲ್ಲ ತಟ್ಟೆಗಳಿಗೂ ಒಂದೇ, ಅದರ ಮೇಲೆ ಆಯಾ ಶೀರ್ಷಿಕೆಯ ಕಾಗದ ಅಂಟಿಸಿದರೆ ಹೊದಿಕೆ ಸಿದ್ಧ. ಬೆಲೆ ಮಾತ್ರ ಮಾರುಕಟ್ಟೆಯ ದರಕ್ಕಿಂತ ಹೆಚ್ಚು, ಏಕೆಂದರೆ ಕೊಳ್ಳುವವರಲ್ಲಿ ಗ್ರಂಥಾಲಯಗಳು, ಶಾಲೆಗಳು ಮುಖ್ಯವಾಗಿದ್ದವು. ಪ್ರತಿ ತಟ್ಟೆಯೊಡನೆ ಹಾಡಿನ ಪಾಠ, ಅನುವಾದ, ಸಂಗ್ರಾಹಕನ ಟಿಪ್ಪಣಿಗಳಿದ್ದ ಕಿರುಹೊತ್ತಗೆ ಇರುತ್ತಿತ್ತು. ಸಂದರ್ಭವಿಲ್ಲದ ಪಠ್ಯ ಅಪೂರ್ಣವೆಂದು ಜಾನಪದ ವಿದ್ವಾಂಸರು ವಾದಿಸುತ್ತಿದ್ದ ಕಾಲದಲ್ಲೇ ಒಬ್ಬ ವ್ಯಾಪಾರಿ ಅದನ್ನು ಆಚರಣೆಗೆ ತಂದಿದ್ದನು.

ಹೆರಾಲ್ಡ್ ಕೂರ್ಲ್ಯಾಂಡರನ ಸಂಪಾದಕತ್ವದಲ್ಲಿ ಹೈಟಿಯಿಂದ ಭಾರತದವರೆಗಿನ ಜನಾಂಗಗಳ ಸಂಗೀತ ಮಾಲೆಯಾಗಿ ಬಂದಿತು. ಹಾಡಷ್ಟೇ ಅಲ್ಲ, ಉತ್ತರ ಅಮೆರಿಕದ ಕಪ್ಪೆಗಳ ಕೂಗು 1958ರಲ್ಲಿ ಒಂದು ತಟ್ಟೆಯಾಯಿತು. ಕರಿಯರ ಚಿಂತಕ ಡಬ್ಲ್ಯು.ಇ.ಬಿ. ದು ಬೋಯಿಸ್‌ನ ಆತ್ಮಕಥನವನ್ನು ಆಶ್ ತಾನೇ ಪ್ರಶ್ನೆ ಕೇಳಿ ಮುದ್ರಿಸಿದನು. ಕಮ್ಯುನಿಸ್ಟ್ ವಿರೋಧಿ ವಿಚಾರಣಾ ಸಮಿತಿಯ ಮುಂದೆ 1955ರಲ್ಲಿ ಉತ್ತರಿಸಲು ನಿರಾಕರಿಸಿದ ಪೀಟ್ ಸೀಗರ್‌ಗೆ ದೂರದರ್ಶನದ ಬಾಗಿಲುಗಳು ಮುಚ್ಚಿದ್ದ ವರ್ಷಗಳಲ್ಲಿ ಫೋಕ್‌ವೇಸ್ ಅವನ ತಟ್ಟೆಗಳನ್ನು ಒಂದರ ಮೇಲೊಂದು ತಂದಿತು.

ಇಷ್ಟಾದರೂ ಆಶ್‌ನ ಚರಿತ್ರೆಯ ಕಗ್ಗಂಟು ಇರುವುದು 1952ರ ಅಮೆರಿಕನ್ ಜನಪದ ಸಂಗೀತದ ಸಂಕಲನದಲ್ಲಿ. ಹ್ಯಾರಿ ಸ್ಮಿತ್ ಎಂಬ ವಿಚಿತ್ರ ಪ್ರತಿಭೆಯ ಸಂಗ್ರಾಹಕ ತನ್ನ ಹಳೆಯ ತಟ್ಟೆಗಳನ್ನು ಮಾರಲು ಬಂದಾಗ, ಅವುಗಳಿಂದಲೇ ಒಂದು ಸಂಕಲನ ಮಾಡಿಕೊಡುವಂತೆ ಆಶ್ ಅವನನ್ನು ಒಪ್ಪಿಸಿದನು. 84 ಹಾಡುಗಳು, ಆರು ತಟ್ಟೆಗಳು. ಬಿಳಿಯರ, ಕರಿಯರ ಹಾಡುಗಳನ್ನು ಜನಾಂಗದ ಗುರುತಿಲ್ಲದೆ ಪಕ್ಕಪಕ್ಕದಲ್ಲಿಟ್ಟ ಈ ಸಂಕಲನ ಮುಂದಿನ ಪೀಳಿಗೆಯ ಗಾಯಕರ ಪಠ್ಯಪುಸ್ತಕವಾಯಿತು. ಆದರೆ ಆ ಹಾಡುಗಳೆಲ್ಲ 1920ರ ದಶಕದ ಕೊನೆಯಲ್ಲಿ, 1930ರ ದಶಕದ ಆರಂಭದಲ್ಲಿ ವಿಕ್ಟರ್, ಕೊಲಂಬಿಯಾ ಮೊದಲಾದ ದೊಡ್ಡ ಕಂಪನಿಗಳು ಮುದ್ರಿಸಿದಂಥವು. ಅವುಗಳ ಅನುಮತಿಯನ್ನು ಆಶ್ ಪಡೆದಿರಲಿಲ್ಲ. ಕಂಪನಿಗಳೇ ಮೂಲೆಗೆಸೆದು ಸಾಯಗೊಟ್ಟ ಹಾಡನ್ನು ಕೇಳುವ ಹಕ್ಕು ಜನರಿಗಿದೆ ಎಂಬುದು ಅವನ ನಿಲುವು. ಈ ನಿಲುವಿನಲ್ಲಿ ಸತ್ಯವಿಲ್ಲದಿಲ್ಲ. 1928ರಲ್ಲಿ ಹಾಡಿ, ಬಳಿಕ ಮಿಸಿಸಿಪಿಯ ಹೊಲಗಳಲ್ಲಿ ಕೂಲಿಮಾಡಿಕೊಂಡಿದ್ದ ಜಾನ್ ಹರ್ಟ್‌ನ ಹೆಸರನ್ನು ಹೊಸ ಕೇಳುಗರು ತಿಳಿದದ್ದು ಈ ಸಂಕಲನದಿಂದ. 1963ರಲ್ಲಿ ಅವನನ್ನು ಹುಡುಕಿ ವೇದಿಕೆಗೆ ಕರೆತಂದರು. ಅವನಿಗೆ ಉಳಿದಿದ್ದ ಆಯುಷ್ಯ ಮೂರೇ ವರ್ಷ.

ಆದರೆ ಕಂಪನಿಗಳ ಹಕ್ಕನ್ನು ಕಡೆಗಣಿಸಿದ್ದು ಒಂದು ಮಾತಾದರೆ, ತನ್ನ ಸ್ವಂತ ಗಾಯಕರ ಗೌರವಧನದ ವಿಷಯ ಇನ್ನೊಂದು. ಆಶ್ ಅನೇಕರಿಗೆ ಮುದ್ರಣದ ದಿನ ಸಣ್ಣ ಮೊತ್ತ ಕೊಟ್ಟು ಕಳಿಸುತ್ತಿದ್ದನು; ಅನಂತರದ ರಾಯಲ್ಟಿ ಕೆಲವರಿಗೆ ಅಲ್ಪ, ಕೆಲವರಿಗೆ ಇಲ್ಲವೇ ಇಲ್ಲ. ಕೇಳಿದವರೊಡನೆ ಅವನು ಸಿಡುಕುತ್ತಿದ್ದನೆಂಬುದೂ ಪ್ರಸಿದ್ಧ. ಹಣವನ್ನು ಅವನು ತನ್ನ ಸುಖಕ್ಕೆ ಬಳಸಲಿಲ್ಲ, ಮುಂದಿನ ತಟ್ಟೆಗೆ ಹಾಕಿದನು ಎಂಬುದನ್ನು ಟೀಕಾಕಾರರೂ ಒಪ್ಪುತ್ತಾರೆ. ಸೀಗರ್ ಅವನನ್ನು ಸಮರ್ಥಿಸುತ್ತಲೇ ಬಂದನು. ಆದರೆ ಬೇರೆ ವರಮಾನವಿದ್ದವನು ತೋರಬಹುದಾದ ಔದಾರ್ಯವನ್ನು ಬಡ ಹಾಡುಗಾರನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ನೂರು ಜನರಷ್ಟೇ ಕೊಳ್ಳುವ ತಟ್ಟೆ ಪಟ್ಟಿಯಲ್ಲಿ ಉಳಿದದ್ದು, ನನ್ನ ದೃಷ್ಟಿಯಲ್ಲಿ, ಆಶ್‌ನ ಹಟದಿಂದ ಎಷ್ಟೋ ಅಷ್ಟೇ ಮಟ್ಟಿಗೆ ಗಾಯಕರಿಗೆ ಸಲ್ಲದೆ ಹೋದ ಹಣದಿಂದ. ನೀಲಗಾರರಿಂದ, ದೇವರಗುಡ್ಡರಿಂದ ಮಂಟೇಸ್ವಾಮಿ, ಮಾದೇಶ್ವರ ಕಾವ್ಯಗಳನ್ನು ಮುದ್ರಿಸಿಕೊಂಡು ಗ್ರಂಥವಾಗಿಸುವ ನಮ್ಮ ಕ್ಷೇತ್ರಕಾರ್ಯದಲ್ಲೂ ಈ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಕೊನೆಯ ವರ್ಷಗಳಲ್ಲಿ ಆಶ್‌ನನ್ನು ಕಾಡಿದ್ದು ಒಂದೇ ಚಿಂತೆ: ಕೊಳ್ಳುವವರು ಲಾಭ ತರುವ ಕೆಲವನ್ನು ಇಟ್ಟುಕೊಂಡು ಉಳಿದುದನ್ನು ಅಳಿಸಿಬಿಟ್ಟರೆ? ರಾಲ್ಫ್ ರಿನ್ಜ್ಲರ್ ಮೂಲಕ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯೊಡನೆ ಮಾತುಕತೆ ನಡೆಯಿತು. 1986ರ ಅಕ್ಟೋಬರ್ 19ರಂದು ಆಶ್ ನಿಧನನಾದನು. ಮರುವರ್ಷ ಸಂಗ್ರಹವು ಸ್ಮಿತ್ಸೋನಿಯನ್‌ಗೆ ಸೇರಿತು. ಕಪ್ಪೆಗಳ ಕೂಗೂ ಸೇರಿದಂತೆ ಒಂದು ಶೀರ್ಷಿಕೆಯೂ ಅಲಭ್ಯವಾಗಕೂಡದೆಂಬ ಷರತ್ತಿನೊಡನೆ. ಖರೀದಿಯ ವೆಚ್ಚಕ್ಕಾಗಿ ಬಾಬ್ ಡಿಲನ್ ಮೊದಲಾದವರು ಗಥ್ರಿ ಮತ್ತು ಲೆಡ್ ಬೆಲ್ಲಿಯ ಹಾಡುಗಳನ್ನು ಹಾಡಿಕೊಟ್ಟ ಸಂಕಲನ 1988ರಲ್ಲಿ ಬಂದಿತು. ಹ್ಯಾರಿ ಸ್ಮಿತ್‌ನ ಸಂಕಲನ 1997ರಲ್ಲಿ ಸಿ.ಡಿ.ಗಳಾಗಿ ಮರುಪ್ರಕಟವಾಯಿತು, ಈ ಬಾರಿ ಹಕ್ಕುದಾರ ಕಂಪನಿಗಳ ಅನುಮತಿಯೊಡನೆ. ಆ 84 ಹಾಡುಗಳನ್ನು ಹಾಡಿದವರಲ್ಲಿ ಬಹುಪಾಲು ಜನ ಆ ಹೊತ್ತಿಗೆ ತೀರಿಕೊಂಡಿದ್ದರು.