ಖಾಝಿಯ ಮಾತಿಗೆ ತಲೆಬಾಗಿದ ಅರಸ

ಪಶ್ಚಿಮ ಆಫ್ರಿಕಾದ ನೈಜರ್ ನದಿಯ ದಂಡೆಯಲ್ಲಿ ಗಾವೊ ಎಂಬ ಪಟ್ಟಣವಿದೆ. ಇಂದು ಮಾಲಿ ದೇಶಕ್ಕೆ ಸೇರಿರುವ ಈ ಪಟ್ಟಣ ಐದು ಶತಮಾನಗಳ ಹಿಂದೆ ಸೊಂಘಾಯ್ ಸಾಮ್ರಾಜ್ಯದ ರಾಜಧಾನಿಯಾಗಿತ್ತು. 1493ರಿಂದ ಸುಮಾರು 35 ವರ್ಷಗಳ ಕಾಲ ಆ ಸಾಮ್ರಾಜ್ಯವನ್ನು ಆಳಿದವರು ಅಸ್ಕಿಯಾ ಮುಹಮ್ಮದ್.

ಅವರು ಅರಸನ ಮಗನಲ್ಲ. ಸೊನ್ನಿ ಅಲಿ ಎಂಬ ಅರಸನ ಸೇನಾನಿಯಾಗಿದ್ದವರು. ಸೊನ್ನಿ ಅಲಿ ಮಹಾ ಶೂರನಾದರೂ ಟಿಂಬಕ್ಟುವಿನ ವಿದ್ವಾಂಸರನ್ನು ಕ್ರೂರವಾಗಿ ಪೀಡಿಸಿದವನು. 1492ರಲ್ಲಿ ಅವನು ತೀರಿಕೊಂಡ. ಪಟ್ಟವೇರಿದ ಅವನ ಮಗ ಇಸ್ಲಾಮಿನ ಕರೆಗೆ ಓಗೊಡಲಿಲ್ಲ. ಮರುವರ್ಷ ಮುಹಮ್ಮದ್ ಅವನನ್ನು ಯುದ್ಧದಲ್ಲಿ ಸೋಲಿಸಿ ಅಧಿಕಾರ ಹಿಡಿದರು.

ಖಡ್ಗದಿಂದ ಗಳಿಸಿದ ರಾಜ್ಯವನ್ನು ಖಡ್ಗವೊಂದರಿಂದಲೇ ಆಳಲಾಗದೆಂಬುದು ಅವರಿಗೆ ತಿಳಿದಿತ್ತು. ಗದ್ದುಗೆ ಇನ್ನೂ ಹೊಸದಾಗಿರುವಾಗಲೇ, 1496ರಲ್ಲಿ, ತಮ್ಮನಿಗೆ ರಾಜ್ಯವನ್ನು ಒಪ್ಪಿಸಿ ಹಜ್ಜ್ ಯಾತ್ರೆಗೆ ಹೊರಟರು. ಮೂರು ಲಕ್ಷ ಬಂಗಾರದ ನಾಣ್ಯಗಳನ್ನು ಒಯ್ದಿದ್ದರೆಂದೂ ಅದರಲ್ಲಿ ಒಂದು ಲಕ್ಷವನ್ನು ದಾನ ಮಾಡಿದರೆಂದೂ ಆ ನಾಡಿನ ಇತಿಹಾಸಕಾರರು ಬರೆದಿದ್ದಾರೆ. ಮದೀನಾದಲ್ಲಿ ತೋಟವೊಂದನ್ನು ಕೊಂಡು ತಮ್ಮ ನಾಡಿನ ಯಾತ್ರಿಕರಿಗಾಗಿ ವಕ್ಫ್ ಮಾಡಿದರು.

ಮರಳಿದ ಬಳಿಕ ಅಲ್ ಮಗೀಲಿ ಎಂಬ ವಿದ್ವಾಂಸರ ಮುಂದೆ ತಮ್ಮ ಪ್ರಶ್ನೆಗಳನ್ನಿಟ್ಟರು. ಹಣಕ್ಕಾಗಿ ಧರ್ಮವನ್ನು ಮಾರುವ ಪಂಡಿತರ ಬಗ್ಗೆ, ತೆರಿಗೆಯ ಬಗ್ಗೆ, ಸಂತೆಯಲ್ಲಿ ನಡೆಯುವ ತೂಕದ ಮೋಸದ ಬಗ್ಗೆ ಕೇಳಿದರು. ಅರಸನೊಬ್ಬ ತನ್ನ ಪ್ರಜೆಯ ತಕ್ಕಡಿಯ ಬಗ್ಗೆಯೂ ಚಿಂತಿಸಿದ್ದನೆಂಬುದು ನಮ್ಮ ವ್ಯಾಪಾರಿಗಳು ಗಮನಿಸಬೇಕಾದ ಸಂಗತಿ.

ಅವರ ಬದುಕಿನ ಅತ್ಯಂತ ಸುಂದರ ಘಟನೆ ನಡೆದುದು ಟಿಂಬಕ್ಟುವಿನಲ್ಲಿ. ಅಲ್ಲಿನ ಖಾಝಿ ಮಹಮೂದ್ ಅರಸನ ದೂತರನ್ನು ಬರಿಗೈಯಲ್ಲಿ ಹಿಂದಕ್ಕಟ್ಟಿದರು. ತನ್ನ ಆಜ್ಞೆಯನ್ನು ತಡೆದುದೇಕೆಂದು ಅರಸರು ಸ್ವತಃ ಹೋಗಿ ಕೇಳಿದರು. ಖಾಝಿ ಅಂಜಲಿಲ್ಲ. ನರಕದಿಂದ ತನ್ನನ್ನು ಕಾಪಾಡಬೇಕೆಂದು, ಕೈ ಹಿಡಿದು ನಡೆಸಬೇಕೆಂದು ಹಿಂದೊಮ್ಮೆ ಅರಸರೇ ತಮ್ಮ ಮನೆಗೆ ಬಂದು ಬೇಡಿಕೊಂಡುದನ್ನು ನೆನಪಿಸಿದರು. ದೂತರನ್ನು ತಡೆದುದು ಅದಕ್ಕಾಗಿಯೇ ಎಂದರು. ಅರಸರು ತಾವು ಮರೆತಿದ್ದುದನ್ನು ಒಪ್ಪಿಕೊಂಡು ಖಾಝಿಗಾಗಿ ದುಆ ಮಾಡಿದರು.

ಅವರು ದೋಷರಹಿತರಾಗಿದ್ದರೆಂದಲ್ಲ. ನೆರೆನಾಡುಗಳ ಮೇಲೆ ಅನೇಕ ಯುದ್ಧಗಳನ್ನು ಮಾಡಿದರು. ಸೆರೆ ಸಿಕ್ಕವರನ್ನು ಗುಲಾಮರನ್ನಾಗಿಸುವ ಆ ಕಾಲದ ರೂಢಿಗೆ ಅವರ ರಾಜ್ಯವೂ ಹೊರತಾಗಿರಲಿಲ್ಲ.

ಕೊನೆಗಾಲ ಕಠಿಣವಾಗಿತ್ತು. ಮುಪ್ಪಿನಲ್ಲಿ ಕಣ್ಣು ಕಾಣದಾಯಿತು. ಆಪ್ತನೊಬ್ಬ ಪಕ್ಕದಲ್ಲೇ ಇದ್ದು ಅದನ್ನು ಜನರಿಂದ ಮರೆಮಾಚಿದ. 1528ರ ಸುಮಾರಿಗೆ ಸ್ವಂತ ಮಗ ಮೂಸಾ ಅವರನ್ನು ಗದ್ದುಗೆಯಿಂದಿಳಿಸಿದ. ಮುಂದೆ ಅಧಿಕಾರಕ್ಕೆ ಬಂದ ಬಂಧುವೊಬ್ಬ ಆ ಕುರುಡು ವೃದ್ಧನನ್ನು ನದಿಯ ದ್ವೀಪವೊಂದಕ್ಕೆ ಗಡೀಪಾರು ಮಾಡಿದ. 1537ರಲ್ಲಿ ಇನ್ನೊಬ್ಬ ಮಗ ಇಸ್ಮಾಯಿಲ್ ಅವರನ್ನು ಮರಳಿ ಗಾವೊಗೆ ಕರೆತಂದ. ಮರುವರ್ಷ ಅವರು ಅಲ್ಲಾಹನೆಡೆಗೆ ತೆರಳಿದರು. ಸಾಮ್ರಾಜ್ಯವೂ 1591ರಲ್ಲಿ ಮೊರೊಕ್ಕೊ ಸೇನೆಯೆದುರು ಕುಸಿಯಿತು. ಅವರ ಹೆಸರಿನ 17 ಮೀಟರ್ ಎತ್ತರದ ಮಣ್ಣಿನ ಗೋರಿಯನ್ನು 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಧಿಕಾರವು ಅಲ್ಲಾಹನು ಕೊಟ್ಟ ಅಮಾನತ್ತು. ಕೊಟ್ಟವನು ಬಯಸಿದಾಗ ಅದನ್ನು ಹಿಂದಕ್ಕೆ ಪಡೆಯುತ್ತಾನೆ. ಮನೆಯಲ್ಲಿ, ಅಂಗಡಿಯಲ್ಲಿ, ಜಮಾಅತಿನಲ್ಲಿ ನಮಗೂ ಒಂದಷ್ಟು ಅಧಿಕಾರವಿದೆ. ತಪ್ಪು ಮಾಡಿದಾಗ ನಮ್ಮನ್ನು ತಡೆಯುವ ಒಬ್ಬರಾದರೂ ನಮಗಿದ್ದಾರೆಯೇ? ಇದ್ದರೆ, ಅವರ ಮಾತು ಕಹಿಯಾದಾಗ ಆ ಅರಸನಂತೆ ಒಪ್ಪಿಕೊಳ್ಳುವ ಮನಸ್ಸು ನಮಗಿದೆಯೇ?