ಎಕ್ಸ್-ರೇ ನಾರ್ಮಲ್ ಬಂದರೆ ದವಡೆ ನೋವು ಸುಳ್ಳೇ? ರಾಂಟ್ಜನ್ ಬದುಕಿನಿಂದ ತಿಳಿಯುವುದೇನು

ಬಾಯಿ ತೆರೆದಾಗ ಕಿವಿಯ ಮುಂದೆ ಕಟಕ್ ಎಂಬ ಸದ್ದು, ಅಗಿಯುವಾಗ ನೋವು. ಎಕ್ಸ್-ರೇ ತೆಗೆಸಿದರೆ ಎಲ್ಲ ನಾರ್ಮಲ್! ಹಾಗಾದರೆ ನೋವು ಬರೀ ಭ್ರಮೆಯೇ? ಖಂಡಿತ ಅಲ್ಲ. ಯಾಕೆ ಎಂದು ತಿಳಿಯಲು ಎಕ್ಸ್-ರೇ ಕಂಡುಹಿಡಿದ ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜನ್ ಅವರ ಬದುಕನ್ನು ನೋಡೋಣ. ಅವರು ತಮ್ಮದೇ ಕಿರಣಕ್ಕೆ ಬಲಿಯಾದರು ಎಂಬ ಮಾತನ್ನೂ ಪರಿಶೀಲಿಸೋಣ.

ಶಾಲೆ ಹೊರಹಾಕಿದ ಹುಡುಗ

ರಾಂಟ್ಜನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನ್ನೆಪ್ ಎಂಬ ಊರಿನಲ್ಲಿ. ತಂದೆ ಬಟ್ಟೆ ವ್ಯಾಪಾರಿ. ಮಗುವಿಗೆ ಮೂರು ವರ್ಷವಾದಾಗ ಕುಟುಂಬ ನೆದರ್ಲೆಂಡ್ಸ್‌ಗೆ ಹೋಯಿತು. ಅಲ್ಲಿನ ಉಟ್ರೆಕ್ಟ್‌ನಲ್ಲಿ ಓದುವಾಗ ಶಿಕ್ಷಕರೊಬ್ಬರ ವ್ಯಂಗ್ಯಚಿತ್ರ ಬರೆದ ಆರೋಪ ಇವರ ಮೇಲೆ ಬಂತು. ಬರೆದವನು ಬೇರೊಬ್ಬ ಎನ್ನಲಾಗುತ್ತದೆ. ಆದರೆ ಶಾಲೆಯಿಂದ ಹೊರಬಿದ್ದದ್ದು ರಾಂಟ್ಜನ್. ಮುಂದೆ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, 1869ರಲ್ಲಿ ಡಾಕ್ಟರೇಟ್ ಪಡೆದರು.

ಕತ್ತಲಲ್ಲಿ ಕಂಡ ಬೆಳಕು

1895ರ ನವೆಂಬರ್ 8. ಆಗ ಅವರು ಜರ್ಮನಿಯ ವುರ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಗಾಳಿ ತೆಗೆದ ಗಾಜಿನ ಕೊಳವೆಯನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಅದರಲ್ಲಿ ವಿದ್ಯುತ್ ಹರಿಸಿದಾಗ, ಸ್ವಲ್ಪ ದೂರದಲ್ಲಿದ್ದ ರಾಸಾಯನಿಕ ಲೇಪನದ ಪರದೆ ಹೊಳೆಯಿತು. ರಟ್ಟನ್ನು ದಾಟಿ ಏನೋ ಬರುತ್ತಿತ್ತು. ಏನೆಂದು ಗೊತ್ತಿಲ್ಲದ ಕಾರಣ ಎಕ್ಸ್ ಎಂದು ಕರೆದರು.

ಅವರು ತಕ್ಷಣ ಸುದ್ದಿ ಮಾಡಲಿಲ್ಲ. ವಾರಗಟ್ಟಲೆ ಪ್ರಯೋಗಾಲಯದಲ್ಲೇ ಕುಳಿತು, ಕಿರಣ ಯಾವುದನ್ನು ದಾಟುತ್ತದೆ, ಯಾವುದು ಅದನ್ನು ತಡೆಯುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಿದರು. ಡಿಸೆಂಬರ್ 22ರಂದು ಪತ್ನಿ ಅನ್ನಾ ಬರ್ತಾ ಅವರ ಕೈಯ ಚಿತ್ರ ತೆಗೆದರು. ಮೂಳೆಗಳೂ ಉಂಗುರವೂ ಸ್ಪಷ್ಟವಾಗಿ ಕಂಡವು; ಮಾಂಸ ಬರೀ ಮಸುಕು ನೆರಳು.

ನಮ್ಮ ಪ್ರಶ್ನೆಗೆ ಉತ್ತರ ಈ ಚಿತ್ರದಲ್ಲೇ ಇದೆ.

ದವಡೆ ಕೀಲಿನಲ್ಲಿ ಏನು ಕಾಣುತ್ತದೆ?

ಕೆಳದವಡೆ ತಲೆಬುರುಡೆಗೆ ಸೇರುವ ಕೀಲು ಕಿವಿಯ ಮುಂದಿದೆ. ಎರಡು ಮೂಳೆಗಳ ನಡುವೆ ತೆಳುವಾದ, ಮೆದುವಾದ ಡಿಸ್ಕ್ ಇರುತ್ತದೆ. ಸುತ್ತ ಅಗಿಯುವ ಸ್ನಾಯುಗಳಿವೆ.

• ಎಕ್ಸ್-ರೇ: ಮೂಳೆ ಮುರಿತ, ದೊಡ್ಡ ಸವೆತ ಕಾಣಬಹುದು. ಡಿಸ್ಕ್ ಕಾಣದು.
• ಸಿಟಿ ಸ್ಕ್ಯಾನ್: ಮೂಳೆಯ ಸಣ್ಣ ಬದಲಾವಣೆಗಳೂ ಎಲ್ಲ ಕೋನಗಳಿಂದ ಕಾಣುತ್ತವೆ.
• ಎಂಆರ್‌ಐ: ಡಿಸ್ಕ್ ಜಾರಿದೆಯೇ, ಕೀಲಿನಲ್ಲಿ ನೀರು ತುಂಬಿದೆಯೇ ಎಂದು ತೋರಿಸುತ್ತದೆ. ಇದರಲ್ಲಿ ಎಕ್ಸ್-ರೇ ಬಳಕೆಯೇ ಇಲ್ಲ.

ಹಾಗೆಂದು ಎಲ್ಲರೂ ಎಂಆರ್‌ಐ ಮಾಡಿಸಬೇಕಿಲ್ಲ. ನೋವೇ ಇಲ್ಲದ ಹಲವರ ಎಂಆರ್‌ಐನಲ್ಲೂ ಜಾರಿದ ಡಿಸ್ಕ್ ಕಾಣುತ್ತದೆ. ಇನ್ನು ಅನೇಕರ ನೋವಿಗೆ ಸ್ನಾಯುಗಳೇ ಕಾರಣ. ಅದು ಸ್ಕ್ಯಾನ್‌ನಲ್ಲಿ ಕಾಣದೇ ಹೋಗಬಹುದು. ಆದ್ದರಿಂದಲೇ ವೈದ್ಯರು ಮೊದಲು ನಿಮ್ಮ ಮಾತು ಕೇಳಿ, ಬಾಯಿ ತೆರೆಸಿ, ಕೈಯಿಂದ ಮುಟ್ಟಿ ನೋಡುತ್ತಾರೆ. ನೋವಿಲ್ಲದ ಬರೀ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ಅವರು ಎಕ್ಸ್-ರೇಗೆ ಬಲಿಯಾದರೇ?

ಹಾಗೆ ಹೇಳಲು ಆಧಾರವಿಲ್ಲ. ರಾಂಟ್ಜನ್ 1923ರ ಫೆಬ್ರವರಿ 10ರಂದು, 77ನೇ ವಯಸ್ಸಿನಲ್ಲಿ, ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಈ ಕಿರಣಗಳ ಬಗ್ಗೆ ಅವರು ಬರೆದದ್ದು ಮೂರೇ ಪ್ರಬಂಧ. ನಂತರ ಬೇರೆ ವಿಷಯಗಳಿಗೆ ಮರಳಿದರು. ಆದರೆ ಆ ಕಾಲದಲ್ಲಿ ರಕ್ಷಣೆಯಿಲ್ಲದೆ ದಿನವೂ ಈ ಕಿರಣಗಳ ಜೊತೆ ಕೆಲಸ ಮಾಡಿ ಸತ್ತವರಿದ್ದಾರೆ. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಅಂಥವರಲ್ಲೊಬ್ಬರು.

1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಡೆದ ರಾಂಟ್ಜನ್, ಹಣವನ್ನು ವುರ್ಜ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಎಕ್ಸ್-ರೇಗೆ ಪೇಟೆಂಟ್ ಪಡೆಯಲಿಲ್ಲ. ಮೊದಲ ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ಅವರ ಉಳಿತಾಯವೂ ಕರಗಿತು.

ನೆನಪಿಡಿ

ನಾರ್ಮಲ್ ಎಕ್ಸ್-ರೇ ಎಂದರೆ ಮೂಳೆಯಲ್ಲಿ ದೊಡ್ಡ ತೊಂದರೆ ಕಂಡಿಲ್ಲ ಎಂದಷ್ಟೇ ಅರ್ಥ. ಬಾಯಿ ತೆರೆಯಲಾಗದಿದ್ದರೆ, ಪೆಟ್ಟು ಬಿದ್ದಿದ್ದರೆ, ಊತ ಅಥವಾ ಮರಗಟ್ಟುವಿಕೆ ಇದ್ದರೆ ದಂತವೈದ್ಯರನ್ನು ಬೇಗ ಕಾಣಿ. ದವಡೆ ನೋವಿನ ಜೊತೆ ಎದೆ ನೋವು, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಹೃದಯಾಘಾತವೂ ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.