ಇಸ್ಲಾಮಿನ ಪುತ್ರ ಸಲ್ಮಾನ್(ರ)

ಖುರೈಶರ ಕೆಲವರು ಒಂದೆಡೆ ಕುಳಿತು ತಂತಮ್ಮ ವಂಶಾವಳಿಯನ್ನು ಹೇಳಿಕೊಳ್ಳುತ್ತಿದ್ದರು. ಅರಬರಿಗೆ ಇದು ಬಹಳ ಪ್ರಿಯವಾದ ವಿಷಯ. ಕೊನೆಗೆ, ಅಲ್ಲಿಯೇ ಇದ್ದ ಹಝ್ರತ್ ಸಲ್ಮಾನ್ ಫಾರಿಸಿ(ರ)ಯವರೊಡನೆ ಅವರ ಮೂಲವನ್ನು ವಿಚಾರಿಸಲಾಯಿತು. ಇಸ್ಲಾಮಿನಲ್ಲಿ ಹೇಳಿಕೊಳ್ಳಲು ತನಗೆ ಬೇರೆ ತಂದೆಯಿಲ್ಲ, ತಾನು ಇಸ್ಲಾಮಿನ ಪುತ್ರ ಸಲ್ಮಾನ್ ಎಂದು ಅವರು ಉತ್ತರಿಸಿದರು.

ಹೇಳಿಕೊಳ್ಳಲು ವಂಶವಿಲ್ಲದೆ ಹಾಗೆ ಹೇಳಿದ್ದಲ್ಲ. ಇಸ್‌ಫಹಾನ್ ಪ್ರದೇಶದ ಜಯ್ಯ್ ಎಂಬ ಊರಿನವರು ಅವರು. ತಂದೆ ಊರಿನ ಮುಖ್ಯಸ್ಥ, ದೊಡ್ಡ ಜಮೀನುದಾರ. ಮಗನ ಮೇಲಿನ ವಾತ್ಸಲ್ಯ ಎಷ್ಟಿತ್ತೆಂದರೆ ಅವನನ್ನು ಹೆಣ್ಣುಮಕ್ಕಳಂತೆ ಮನೆಯೊಳಗೇ ಇರಿಸಿಕೊಂಡಿದ್ದ. ಪವಿತ್ರ ಅಗ್ನಿ ಆರದಂತೆ ನೋಡಿಕೊಳ್ಳುವುದು ಸಲ್ಮಾನರ ಕೆಲಸವಾಗಿತ್ತು. ಒಂದು ದಿನ ತಂದೆ ಅವರನ್ನು ತೋಟದ ಕೆಲಸಕ್ಕೆ ಕಳುಹಿಸಿದಾಗ ದಾರಿಯಲ್ಲಿದ್ದ ಇಗರ್ಜಿಯಿಂದ ಪ್ರಾರ್ಥನೆಯ ಸ್ವರ ಕೇಳಿಸಿತು. ತೋಟ ಮರೆತುಹೋಯಿತು. ಸಂಜೆಯವರೆಗೂ ಅಲ್ಲಿಯೇ ನಿಂತರು. ತಂದೆ ಕಾಲಿಗೆ ಸಂಕೋಲೆ ಹಾಕಿದ. ಮಗ ಅದನ್ನು ಕಳಚಿಕೊಂಡು ಶಾಮ್‌ಗೆ ಹೋಗುವ ತಂಡವೊಂದನ್ನು ಸೇರಿದರು.

ಶಾಮ್, ಮೋಸುಲ್, ನಸೀಬೀನ್, ಅಮ್ಮೂರಿಯಾ - ಒಬ್ಬ ಗುರು ಮರಣ ಹೊಂದಿದಾಗ ಇನ್ನೊಬ್ಬರನ್ನು ಹುಡುಕಿಕೊಂಡು ಹೋದರು. ಮೊದಲನೆಯವನು ಬಡವರ ದಾನವನ್ನು ಕೊಡಗಳಲ್ಲಿ ಬಚ್ಚಿಟ್ಟ ವಂಚಕ, ಉಳಿದವರು ಸಜ್ಜನರು. ಖರ್ಜೂರದ ಮರಗಳಿರುವ ನಾಡಿಗೆ ಒಬ್ಬ ಪ್ರವಾದಿ ಬರುವ ಕಾಲ ಸಮೀಪಿಸಿದೆ; ಅವರು ದಾನವನ್ನು ತಿನ್ನುವುದಿಲ್ಲ, ಉಡುಗೊರೆಯನ್ನು ಸ್ವೀಕರಿಸುತ್ತಾರೆ, ಭುಜಗಳ ನಡುವೆ ಪ್ರವಾದಿತ್ವದ ಮುದ್ರೆಯಿರುತ್ತದೆ ಎಂದು ಕೊನೆಯ ಗುರು ತಿಳಿಸಿದರು. ತನ್ನಲ್ಲಿದ್ದ ದನ ಕುರಿಗಳನ್ನೆಲ್ಲ ಕೊಟ್ಟು ಸಲ್ಮಾನರು ಅರಬ್ ವ್ಯಾಪಾರಿಗಳ ಜೊತೆ ಹೊರಟರು. ಆ ವ್ಯಾಪಾರಿಗಳು ದಾರಿಯಲ್ಲಿ ಅವರನ್ನು ಗುಲಾಮನೆಂದು ಮಾರಿಬಿಟ್ಟರು! ಹತ್ತಕ್ಕೂ ಹೆಚ್ಚು ಒಡೆಯರ ಕೈ ದಾಟಿದ್ದಾಗಿ ಅವರೇ ಹೇಳಿದ್ದಾರೆ. ಕೊನೆಗೆ ಬನೂ ಖುರೈಝಾದ ಒಬ್ಬ ಯಹೂದಿಯ ಗುಲಾಮರಾಗಿ ಮದೀನಾ ಸೇರಿದರು.

ಪ್ರವಾದಿವರ್ಯರು(ಸ) ಕುಬಾಕ್ಕೆ ಬಂದ ಸುದ್ದಿ ಕಿವಿಗೆ ಬಿದ್ದಾಗ ಅವರು ಖರ್ಜೂರದ ಮರದ ಮೇಲಿದ್ದರು. ಮೈ ನಡುಗಿತು. ಕೆಳಗಿಳಿದು ವಿಚಾರಿಸಿದ್ದಕ್ಕೆ ಒಡೆಯನಿಂದ ಏಟು ಸಿಕ್ಕಿತು. ಆದರೂ ಸಂಜೆ ಒಂದಿಷ್ಟು ಖರ್ಜೂರ ಕಟ್ಟಿಕೊಂಡು ಹೋದರು. ದಾನವೆಂದು ಕೊಟ್ಟಾಗ ಪ್ರವಾದಿ(ಸ) ಸಂಗಡಿಗರಿಗೆ ನೀಡಿದರು, ತಾವು ತಿನ್ನಲಿಲ್ಲ. ಇನ್ನೊಂದು ದಿನ ಉಡುಗೊರೆಯೆಂದು ಕೊಟ್ಟಾಗ ತಾವೂ ತಿಂದರು. ಮುದ್ರೆಯನ್ನೂ ಕಂಡ ಮೇಲೆ ಸಲ್ಮಾನರು ಅತ್ತುಬಿಟ್ಟರು.

ಗುಲಾಮಗಿರಿಯಿಂದಾಗಿ ಬದ್ರ್ ಮತ್ತು ಉಹುದ್ ಯುದ್ಧಗಳು ಅವರ ಕೈತಪ್ಪಿದವು. ಬಿಡುಗಡೆಯ ಬೆಲೆ 300 ಖರ್ಜೂರದ ಸಸಿಗಳು ಮತ್ತು 40 ಊಕಿಯಾ ಚಿನ್ನ. ಸಹಾಬಿಗಳಲ್ಲಿ ಒಬ್ಬರು ಮೂವತ್ತು, ಒಬ್ಬರು ಇಪ್ಪತ್ತು, ಒಬ್ಬರು ಹತ್ತು ಎಂದು ಸಸಿಗಳನ್ನು ತಂದರು. ಪ್ರವಾದಿವರ್ಯರು(ಸ) ಅವುಗಳನ್ನು ಸ್ವಹಸ್ತದಿಂದ ನೆಟ್ಟರು. ಪರದೇಶಿ ಗುಲಾಮನೊಬ್ಬನ ಬಿಡುಗಡೆಗಾಗಿ ಮಣ್ಣಾದ ಆ ಕೈಗಳನ್ನು ಒಮ್ಮೆ ನೆನೆಯಿರಿ.

ಹಿಜ್ರಿ 5ರಲ್ಲಿ (ಕ್ರಿ.ಶ. 627) ಸುಮಾರು ಹತ್ತು ಸಾವಿರ ಮಂದಿಯ ಸೈನ್ಯ ಮದೀನಾದ ಮೇಲೆ ಬಂದಾಗ ಕಂದಕ ತೋಡುವ ಪರ್ಶಿಯನ್ ಉಪಾಯವನ್ನು ಸೂಚಿಸಿದವರು ಇದೇ ಸಲ್ಮಾನರು. ಅಗೆಯುವಾಗ ಮುಹಾಜಿರರು ಅವರು ತಮ್ಮವರೆಂದರು, ಅನ್ಸಾರರು ತಮ್ಮವರೆಂದರು. ಪ್ರವಾದಿವರ್ಯರು(ಸ) ಅವರನ್ನು ತಮ್ಮ ಮನೆಯವರಲ್ಲಿ ಸೇರಿಸಿದರೆಂದು ಸೀರಾ ಗ್ರಂಥಗಳು ವರದಿ ಮಾಡಿವೆ.

ಇನ್ನೊಂದು ಮಾತು. ಸಲ್ಮಾನರು ತನ್ನ ಊರನ್ನು ಎಂದೂ ಮುಚ್ಚಿಟ್ಟವರಲ್ಲ. ಜಯ್ಯ್ ಊರಿನ ಕಥೆಯನ್ನು ಇಬ್ನು ಅಬ್ಬಾಸ್(ರ)ರಿಗೆ ಮೊದಲಿನಿಂದ ಕೊನೆಯವರೆಗೆ ವಿವರಿಸಿದವರು ಅವರೇ. ಮುಸ್ಲಿಮ್ ಸೇನೆಯ ನಾಯಕರಾಗಿ ಪರ್ಶಿಯನ್ನರ ಕೋಟೆಯೊಂದರ ಮುಂದೆ ನಿಂತಾಗ, ತಾನೂ ನಿಮ್ಮವನೇ, ಈ ಅರಬರು ನನ್ನ ಮಾತನ್ನು ಪಾಲಿಸುವುದನ್ನು ನೋಡಿರಿ ಎಂದು ಒಳಗಿದ್ದವರಿಗೆ ತಿಳಿಸಿದರು. ತಿಳಿಯಲು ಕೇಳಿದವರಿಗೆ ಒಂದು ಉತ್ತರ, ತೂಗಿ ನೋಡಲು ಕೇಳಿದವರಿಗೆ ಇನ್ನೊಂದು. ನಮ್ಮ ಮೂಲವನ್ನು ಕೆದಕುವವರ ಬಗ್ಗೆ ನಾವು ನೊಂದುಕೊಳ್ಳುತ್ತೇವೆ. ಮಗಳಿಗೆ ಸಂಬಂಧ ನೋಡುವಾಗ ನಾವು ಮೊದಲು ಕೇಳುವ ಪ್ರಶ್ನೆ ಯಾವುದು?

ಸಲ್ಮಾನರ ಆ ಉತ್ತರ ಉಮರ್(ರ)ರ ಕಿವಿಗೂ ಬಿತ್ತು. ತನ್ನ ತಂದೆ ಖತ್ತಾಬ್ ಅಜ್ಞಾನ ಕಾಲದಲ್ಲಿ ಎಂಥ ಗಣ್ಯನಾಗಿದ್ದನೆಂದು ಖುರೈಶರಿಗೆಲ್ಲ ಗೊತ್ತು, ಆದರೂ ತಾನು ಇಸ್ಲಾಮಿನ ಪುತ್ರ ಉಮರ್, ಇಸ್ಲಾಮಿನ ಪುತ್ರ ಸಲ್ಮಾನರ ಸಹೋದರ ಎಂದು ಅವರು ಹೇಳಿದರು. ಪವಿತ್ರ ಭೂಮಿಗೆ ಬಂದು ನೆಲೆಸುವಂತೆ ಅಬುದ್ದರ್ದಾ(ರ) ಪತ್ರ ಬರೆದಾಗ, ಭೂಮಿ ಯಾರನ್ನೂ ಪವಿತ್ರಗೊಳಿಸದು, ಮನುಷ್ಯನನ್ನು ಪವಿತ್ರಗೊಳಿಸುವುದು ಅವನ ಕರ್ಮ ಎಂದು ಸಲ್ಮಾನರು ಮರುಪತ್ರ ಬರೆದರು.

ಪರ್ಶಿಯದ ರಾಜಧಾನಿಯಾಗಿದ್ದ ಮದಾಇನ್‌ಗೆ ಅವರು ರಾಜ್ಯಪಾಲರಾದರು. ವೇತನವನ್ನು ದಾನ ಮಾಡಿ, ಖರ್ಜೂರದ ಗರಿಯಿಂದ ಬುಟ್ಟಿ ಹೆಣೆದು ಜೀವಿಸುತ್ತಿದ್ದರು. ಒಂದು ದಿರ್ಹಮಿನ ಗರಿ, ಮೂರು ದಿರ್ಹಮಿಗೆ ಮಾರಾಟ. ಒಂದು ಮತ್ತೆ ಗರಿಗೆ, ಒಂದು ಮನೆಗೆ, ಒಂದು ದಾನಕ್ಕೆ. ಶಾಮ್‌ನಿಂದ ಬಂದ ಒಬ್ಬಾತ ಕೂಲಿಯವನೆಂದು ಭಾವಿಸಿ ಅವರ ಮೇಲೆ ಹೊರೆ ಹೊರಿಸಿದ. ಜನರು ಸಲಾಮ್ ಹೇಳತೊಡಗಿದಾಗ ಅವನಿಗೆ ಗಾಬರಿಯಾಯಿತು. ಸಲ್ಮಾನರು ಹೊರೆಯನ್ನು ಅವನ ಮನೆಯವರೆಗೆ ಹೊತ್ತೇ ಇಳಿಸಿದರು.

ಮರಣಶಯ್ಯೆಯಲ್ಲಿ ಅವರು ಅತ್ತರು. ಇಹಲೋಕದ ಪಾಲು ಪ್ರಯಾಣಿಕನ ಬುತ್ತಿಯಷ್ಟಿದ್ದರೆ ಸಾಕೆಂದು ಪ್ರವಾದಿವರ್ಯರು(ಸ) ಉಪದೇಶಿಸಿದ್ದರು, ತಾನು ಅದನ್ನು ಮೀರಿದೆನೋ ಎಂಬ ಚಿಂತೆ. ಬಿಟ್ಟುಹೋದದ್ದು ಇಪ್ಪತ್ತು ಚಿಲ್ಲರೆ ದಿರ್ಹಮ್. ಬಗ್ದಾದಿನ ದಕ್ಷಿಣಕ್ಕೆ, ಕಿಸ್ರಾನ ಪಾಳು ಅರಮನೆಯ ಬಳಿ ಅವರ ಸಮಾಧಿಯಿದೆ. ಆ ಊರಿಗೇ ಈಗ ಸಲ್ಮಾನ್ ಪಾಕ್ ಎಂದು ಹೆಸರು.